ಇಳಿಜಾರಿನಲ್ಲಿ ಉಳಿಸಿದ ಪೆಟ್ರೋಲು

ಕಾರು ಓಡಿಸಬೇಕಾದವಳು ನಾನು. ಆ ಕಾರನ್ನು ಪರೀಕ್ಷೆ ಮಾಡಿದ ದಿನ ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಇದರಲ್ಲಿ ಏನೋ ವಿಚಿತ್ರವಿದೆ ಎಂದು ಅಂದು ಯಾರಿಗೂ ಅನಿಸಲಿಲ್ಲ. ನನಗೆ ಅಂದೇ ಅನಿಸಿತ್ತೋ, ಈಗ ಬರೆಯುವಾಗಿನ ಸಿಟ್ಟು ಹಿಂದಕ್ಕೆ ಹೋಗಿ ಆ ಸೀಟಿನಲ್ಲಿ ನನ್ನ ಪಕ್ಕ ಕೂತಿದೆಯೋ, ಹೇಳಲಾರೆ. ಏಪ್ರಿಲ್ ಎಂದು ಬರೆದು ಹೊಡೆದು ಹಾಕಿದೆ, ಮೇ ಇರಬಹುದು. ಬಿಸಿಲಂತೂ ಇತ್ತು. ಯಾದಗಿರಿ ಜಿಲ್ಲೆಯಲ್ಲಿ ಬಿಸಿಲಿನಿಂದ ತಿಂಗಳು ಗುರುತಿಸಲು ಹೊರಟವರು ದಾರಿ ತಪ್ಪುತ್ತಾರೆ.

ನನ್ನ ಎಡಗಾಲು ಚಿಕ್ಕಂದಿನಲ್ಲಿ ಬಂದ ಪೋಲಿಯೊದಿಂದ ಸೊರಗಿದೆ. ಎಡ ಮೊಣಕಾಲಿನ ಮೇಲೆ ಕೈ ಒತ್ತಿಕೊಂಡು ಹೆಜ್ಜೆ ಇಡುತ್ತೇನೆ. ಮನೆ ಶಹಾಪುರದಲ್ಲಿ, ಕೆಲಸ ಸುರಪುರ ದಾಟಿ ಹುಣಸಗಿ ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಗಣಿತ ಕಲಿಸುತ್ತೇನೆ. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂಬುದು ಎರಡು ಕಾಲು ಸರಿಯಿದ್ದವರಿಗೆ ಗೊತ್ತಿರುವುದಿಲ್ಲ. ಹೆಂಗಸರಿಗೆ ಟಿಕೆಟ್ ಬೇಡವಾದ ಮೇಲೆ ಬಸ್ಸುಗಳು ಕಿಕ್ಕಿರಿದು ಬರುತ್ತವೆ. ಅವರೆಲ್ಲ ಮನೆಯಿಂದ ಹೊರಬಿದ್ದರಲ್ಲ ಎಂದು ನನಗೆ ಖುಷಿಯೇ. ಆದರೆ ಮೊಣಕಾಲಿನ ಮೇಲೆ ಕೈಯಿಟ್ಟು ನಾನು ಬಾಗಿಲ ಹತ್ತಿರ ಬರುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿರುತ್ತಾನೆ. “ಹಿಂದಿನ ಗಾಡಿಗೆ ಬರ್ರಿ ಮೇಡಂ, ಅದು ಖಾಲಿ ಬರ್ತೈತಿ.” ಹಿಂದಿನ ಗಾಡಿ ಖಾಲಿ ಬಂದದ್ದನ್ನು ನಾನಿನ್ನೂ ನೋಡಿಲ್ಲ.

ಶಾಲೆಗೆ ತಡವಾಗುವುದು ಹೆಚ್ಚಾದಾಗ ನಮ್ಮ ಹೆಡ್‌ಮಾಸ್ತರರು ಬಹಳ ಮೆತ್ತಗೆ, ಬಹಳ ಕರುಣೆಯಿಂದ ಒಂದು ದಾರಿ ತೋರಿಸಿದರು. “ಶಹಾಪುರದ ಶಿಕ್ಷಣ ಇಲಾಖೆ ಆಫೀಸಿಗೆ ನಿಯೋಜನೆ ಮಾಡಿಸಿಕೊಳ್ರಿ. ಕುಂತ ಕೆಲಸ. ನಿಮಗೂ ಆರಾಮ, ನಮಗೂ ಆರಾಮ.” ಕರುಣೆಯನ್ನು ತಿರಸ್ಕರಿಸುವುದು ಬೈಗುಳವನ್ನು ತಿರಸ್ಕರಿಸುವುದಕ್ಕಿಂತ ಕಷ್ಟ. ರಜೆ ಮುಗಿದು ಶಾಲೆ ತೆರೆಯುವುದರೊಳಗೆ ನಾನೇ ಓಡಿಸಿಕೊಂಡು ಹೋಗುವ ಕಾರು ಬರಬೇಕು, ಇಲ್ಲವಾದರೆ ಬೋರ್ಡು, ಸೀಮೆಸುಣ್ಣ ಬಿಟ್ಟು ಆ ಆಫೀಸಿನ ಕುರ್ಚಿ. ನನ್ನ ಮುಂದೆ ಇದ್ದದ್ದು ಇಷ್ಟೇ.

ಓಡಿಸಲು ಕಲಬುರಗಿಯಲ್ಲಿ, ತವರುಮನೆಯಲ್ಲಿ ಉಳಿದು ಕಲಿತಿದ್ದೆ. ಕ್ಲಚ್ಚಿಲ್ಲದ ಕಾರಿಗೆ ಎಡಗಾಲಿನ ಕೆಲಸವೇ ಇಲ್ಲ. ಬ್ರೇಕು, ಎಕ್ಸಲರೇಟರ್ ಎರಡಕ್ಕೂ ಬಲಗಾಲು ಸಾಕು, ಅದು ನನಗೆ ಗಟ್ಟಿಯಾಗಿಯೇ ಇದೆ. ಲೈಸೆನ್ಸು ಕೈಗೆ ಬಂತು. ಹೊಸ ಆಟೋಮೆಟಿಕ್ ನಮ್ಮಂಥವರಿಗಲ್ಲ, ಹಳೆಯದನ್ನು ಹುಡುಕತೊಡಗಿದೆವು. ಮನೆಮಂದಿಗೂ ಆಗಬೇಕು, ನನಗೂ ಆಗಬೇಕು. ಆಗ ಶುರುವಾಯಿತು ಊರಿನ ಒಂದೇ ಪ್ರಶ್ನೆ.

“ಎವರೇಜ್ ಎಷ್ಟ ಕೊಡ್ತೈತ್ರಿ?”

ಮೈಲೇಜ್ ಎನ್ನುವ ಮಾತು ನಮ್ಮಲ್ಲಿ ಕಡಿಮೆ. ಲೀಟರಿಗೆ ಎಷ್ಟು ದೂರ ಓಡುತ್ತದೆ ಎಂಬುದಕ್ಕೆ ಎವರೇಜ್ ಎನ್ನುತ್ತಾರೆ. ಗಣಿತದವಳಾದ ನನಗೆ ಆ ಪದ ಕೇಳಿದಾಗಲೆಲ್ಲ ಮೈ ಉರಿಯುತ್ತದೆ, ಯಾರೂ ಏನನ್ನೂ ಕೂಡಿಸುವುದಿಲ್ಲ, ಭಾಗಿಸುವುದಿಲ್ಲ. ಕಿರಾಣಿ ಅಂಗಡಿಯವನು ಸಕ್ಕರೆ ತೂಗುತ್ತ ಹೇಳಿದ: “ಆಟೋಮೆಟಿಕ್ ಅಂದ್ರ ಎಣ್ಣಿ ಕುಡಿಯೂ ಗಾಡಿರಿ ಟೀಚರ. ಎಮ್ಮಿ ಸಾಕಿದಂಗ. ಎಮ್ಮಿ ಹಾಲರ ಕೊಡ್ತೈತಿ.” ಎದುರು ಮನೆಯವರು ಇನ್ನೂ ಮುಂದೆ ಹೋದರು: “ಬಸ್ ಪುಕ್ಕಟ ಐತಿ. ಅದರ ಎವರೇಜ್ ಯಾವ ಗಾಡಿಗಿ ಬರ್ತೈತಿ ಹೇಳ್ರಿ?” ಹೇಳಿ ನಕ್ಕರು. ನಾನೂ ನಕ್ಕೆನೇನೋ. ನಗದೆ ಹೇಗಿರಲು ಸಾಧ್ಯ, ಎದುರು ಮನೆ.

ನಾನು ಪೆಟ್ರೋಲನ್ನು ತೂಗಲಿಲ್ಲವೆಂದಲ್ಲ. ಬೇರೆಯವರಿಗಿಂತ ಸರಿಯಾಗಿ ತೂಗಿದ್ದೆ. ಆಟೋಮೆಟಿಕ್ ಹೆಚ್ಚು ಕುಡಿಯುವುದು ಊರೊಳಗೆ, ನಿಂತು ನಿಂತು ಹೋಗುವಲ್ಲಿ. ನನ್ನ ದಾರಿ ಬಹುಪಾಲು ಬಯಲು ರಸ್ತೆ, ಎರಡೂ ಕಡೆ ಕಾಲುವೆ ನೀರಿನ ಗದ್ದೆ, ನಿಲ್ಲುವ ಪ್ರಸಂಗ ಕಡಿಮೆ. ಅಲ್ಲಿ ವ್ಯತ್ಯಾಸ ಸಣ್ಣದು. ಇನ್ನು ಕಡಿಮೆ ಕುಡಿಯುವ ಅಗ್ಗದ ಆಟೋಮೆಟಿಕ್ಕುಗಳಿವೆ. ಒಳಗೆ ಹಳೆಯ ಗೇರೇ ಇರುತ್ತದೆ, ಕ್ಲಚ್ಚನ್ನು ಮಾತ್ರ ಯಂತ್ರ ಒತ್ತುತ್ತದೆ. ಅವುಗಳಲ್ಲಿ ಕೆಲವಕ್ಕೆ, ಅದರಲ್ಲೂ ಹಳೆಯವಕ್ಕೆ, ಏರಿನಲ್ಲಿ ನಿಲ್ಲಿಸಿ ಬ್ರೇಕಿನಿಂದ ಕಾಲೆತ್ತಿದ ಕೂಡಲೇ ಹಿಂದಕ್ಕೆ ಜಾರುವ ಚಾಳಿ. ಸುರಪುರ ಗುಡ್ಡದ ಮೇಲಿನ ಊರು. ಏರಿನಲ್ಲಿ ನನ್ನ ಹಿಂದೆ ಹತ್ತಿ ಹೇರಿದ ಟ್ರ್ಯಾಕ್ಟರ್ ನಿಂತಿರುತ್ತದೆ. ಆ ಒಂದು ಕ್ಷಣ ಜಾರದೆ ಇರಲು ಲೀಟರಿಗೆ ಮೂರೋ ನಾಲ್ಕೋ ಕಿಲೋಮೀಟರ್ ಕೊಡಬೇಕಾದರೆ ಕೊಡುತ್ತೇನೆ. ಇದನ್ನು ಅಡುಗೆಮನೆಯಲ್ಲಿ ಕೂತು ನನ್ನ ಗಂಡನಿಗೆ ಹೇಳಿದ್ದೆ. ಅವರು ಹತ್ತಿ ಮಾರ್ಕೆಟ್ಟಿನಲ್ಲಿ ಗುಮಾಸ್ತರು, ಲೆಕ್ಕ ತಿಳಿಯುವವರು. ತಿಳಿಯಿತು ಎಂದರು. ಆಮೇಲೆ, “ಅಣ್ಣಗ ಒಂದ ಮಾತ ಕೇಳೂಣು,” ಎಂದರು. ತಿಳಿದದ್ದು ಅಲ್ಲಿಗೆ ಮುಗಿಯಿತು.

ಅವರ ಅಣ್ಣ, ಅಂದರೆ ನನ್ನ ಭಾವ, ಬಹಳ ವರ್ಷ ಶಹಾಪುರ–ಸುರಪುರದ ನಡುವೆ ಪ್ಯಾಸೆಂಜರ್ ಜೀಪು ಓಡಿಸಿದವರು. ಒಳಗೆ ಜನ, ಹಿಂದೆ ಜೋತುಬಿದ್ದ ಜನ, ಮೇಲೆ ಮೂಟೆ ಮತ್ತು ಜನ. ಅಷ್ಟು ಹೇರಿಕೊಂಡು ಅಷ್ಟೇ ಡೀಸೆಲ್ಲಿನಲ್ಲಿ ಹೋಗಿ ಬರುವುದು ಅವರ ಹೆಮ್ಮೆ. ಆ ಕಾಲದ ಜೀಪಿನವರೆಲ್ಲರ ಒಂದು ಪದ್ಧತಿಯಿತ್ತು: ಇಳಿಜಾರು ಬಂದರೆ ನ್ಯೂಟ್ರಲ್ ಮಾಡಿ ಕೀಲಿ ತಿರುಗಿಸಿ ಇಂಜಿನ್ ಬಂದ್ ಮಾಡುವುದು, ಗಾಡಿ ತಾನಾಗಿ ಉರುಳುವುದು, ಕೆಳಗೆ ಬಂದ ಮೇಲೆ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಒಂದು ಕೆಮ್ಮು ಕೆಮ್ಮಿ ಇಂಜಿನ್ ಮತ್ತೆ ಶುರು. “ಇಳಿಜಾರು ದೇವರು ಕೊಟ್ಟಿದ್ದು. ಅದಕ್ಕೂ ಎಣ್ಣಿ ಸುಡೂದಂದ್ರ ಪಾಪ ಹತ್ತತೈತಿ,” ಎನ್ನುತ್ತಿದ್ದರು.

ಭಾವನ ಮುಂದೆ ನಾನು ಮಂಚದ ಮೇಲೆ ಕೂರುವುದಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತೇನೆ. ಮಾತು ಗಂಡನ ಮೂಲಕ. ನಮ್ಮ ಮನೆಗಳಲ್ಲಿ ಸೊಸೆಯರೆಲ್ಲ ಹೀಗೇ. ತರಗತಿಯಲ್ಲಿ ಹತ್ತನೆಯ ಹುಡುಗರನ್ನು ಎದ್ದು ನಿಲ್ಲಿಸುವ ನನಗೂ ಅದು ಉಸಿರಾಟದಷ್ಟು ರೂಢಿಯಾಗಿತ್ತು. ಕಾರಿನಲ್ಲಿ ಈ ಪದ್ಧತಿಯ ಅರ್ಥ: ಭಾವ ಮುಂದೆ, ನಾನು ಹಿಂದೆ.

ಯಾದಗಿರಿಗೆ ಹೋದೆವು. ಮೊದಲು ನೋಡಿದ್ದು ಕಡಿಮೆ ಕುಡಿಯುವ ಚಿಕ್ಕ ಕಾರು. ರೈಲ್ವೆ ಸೇತುವೆಯ ಏರಿನಲ್ಲಿ ಅದು ನಿಂತು, ಹೊರಡುವ ಮುನ್ನ ಹಿಂದಕ್ಕೆ ಜಾರಿತು. ಹಿಂದಿನ ಆಟೋದವನು ಕಿರುಚಿದ. “ನೋಡಿದ್ರೇನು?” ಎಂದು ನಾನು ಗಂಡನ ಬೆನ್ನಿಗೆ ಹೇಳಿದೆ. ಭಾವ ನನ್ನ ಗಂಡನಿಗೆ ಉತ್ತರ ಕೊಟ್ಟರು: “ಒಂದೀಟ ಸರೀತು. ಅದಕ್ಕೇನ ಆಗೂದೈತಿ? ಎವರೇಜ್ ನೋಡಪಾ, ಎವರೇಜ್.” ಎರಡನೆಯದು ನಿವೃತ್ತ ಅಧಿಕಾರಿಯೊಬ್ಬರದು. ಗೇರುಗಳ ಬದಲು ಒಳಗೆ ಬೆಲ್ಟು ಇರುವಂಥದ್ದು, ತುಸು ದೊಡ್ಡದು. ಅದೇ ಏರಿನಲ್ಲಿ ಅದು ನಿಂತಲ್ಲೇ ನಿಂತು ಮೆಲ್ಲಗೆ ಮುಂದೆ ಹೋಯಿತು. ನನ್ನ ಕಾರು ಇದೇ ಎಂದು ನನಗೆ ಆಗಲೇ ಗೊತ್ತಾಯಿತು. ಭಾವನಿಗೆ ಅಲ್ಲಿಯೇ ಅನುಮಾನ ಶುರುವಾಯಿತು. “ಇಷ್ಟ ಮೆತ್ತಗ ಹೊಕ್ಕೈತಂದ್ರ ಒಳಗ ಎಣ್ಣಿ ಗಟಗಟ ಕುಡ್ಯಾಕತ್ತೈತಿ ಅಂತ.” ಆ ಅಧಿಕಾರಿ ಹಿಂದೆ ಭಾವನ ಜೀಪಿನಲ್ಲಿ ಓಡಾಡಿದವರು. ನಂಬಿಕೆಯ ಮೇಲೆ ಒಂದು ದಿನ ಕಾರು ಬಿಟ್ಟುಕೊಟ್ಟರು. ಕೀಲಿ ಕೊಡುವಾಗ, “ಯಾರು ಓಡಸೋರ್ರಿ?” ಎಂದು ಕೇಳಿದರು. ಮೂವರೂ ಅಲ್ಲೇ ನಿಂತಿದ್ದೆವು. ಭಾವ ಕೈ ಚಾಚಿದರು.

ಪರೀಕ್ಷೆ ಎಂದರೆ ಇದು: ಶಹಾಪುರದ ಬಂಕಿನಲ್ಲಿ ಟ್ಯಾಂಕು ತುಳುಕುವಷ್ಟು ತುಂಬಿಸುವುದು, ಸುರಪುರಕ್ಕೆ ಹೋಗಿ ಬರುವುದು, ಅದೇ ಬಂಕಿನಲ್ಲಿ ಮತ್ತೆ ತುಳುಕುವಷ್ಟು ತುಂಬಿಸುವುದು. ಎರಡನೆಯ ಸಲ ಹಿಡಿದ ಪೆಟ್ರೋಲಿನಿಂದ ದೂರವನ್ನು ಭಾಗಿಸಿದರೆ ಎವರೇಜು. ತತ್ವದಲ್ಲಿ ತಪ್ಪಿಲ್ಲ. ಆದರೆ ಅದನ್ನು ಮಾಡಿದ ರೀತಿ! ಟ್ಯಾಂಕಿನೊಳಗಿನ ಗಾಳಿ ಹೋಗಲೆಂದು ಅಣ್ಣತಮ್ಮ ಇಬ್ಬರೂ ಕಾರಿನ ಆಚೀಚೆ ನಿಂತು ಅದನ್ನು ತೊಟ್ಟಿಲಿನಂತೆ ಅಲುಗಾಡಿಸಿದರು, ನಾನು ಒಳಗೇ ಇದ್ದೆ. ಆಮೇಲೆ ಸ್ಟೆಪ್ನಿ ಚಕ್ರ ತೆಗೆದು ಬಂಕಿನ ಕೋಣೆಯಲ್ಲಿ ಇಟ್ಟರು, ತೂಕ ಕಡಿಮೆಯಾಗಲಿ ಎಂದು. ನನ್ನ ಗಂಡ ನನ್ನ ಕಡೆ ನೋಡಿ ಹಲ್ಲು ಕಿರಿದರು.

“ಇಕಿನ್ನೂ ಇಲ್ಲೇ ಇಳಿಸಿ ಹೋದ್ರ ಇನ್ನೊಂದೀಟ ಬರ್ತೈತಲ್ಲಣ್ಣ, ಎವರೇಜು?”

“ಸ್ಟೆಪ್ನಿ ಸುಮ್ಮ ಕುಂದರತೈತಪಾ ಅಲ್ಲಿ,” ಎಂದರು ಭಾವ. “ಇಕಿ ಕುಂದರತಾಳೇನು?”

ಇಬ್ಬರೂ ನಕ್ಕರು. ಬಂಕಿನವನೂ ನಕ್ಕ.

ಎಸಿ ಬಂದ್. ಕಿಟಕಿಯೂ ಬಂದ್, ಗಾಳಿ ಒಳಹೊಕ್ಕರೆ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದಂತೆ. ಆ ಬಿಸಿಲಿನಲ್ಲಿ ಮುಚ್ಚಿದ ಡಬ್ಬಿಯಲ್ಲಿ ಮೂವರು ಬೇಯುತ್ತ ಸುರಪುರದ ಕಡೆ ಹೊರಟೆವು, ಎತ್ತಿನಗಾಡಿಗಿಂತ ಸ್ವಲ್ಪ ಜೋರಾಗಿ. ನಾಳೆ ನಾನು ದಿನಾ ಹೋಗುವಾಗ ಎಸಿ ಹಾಕುತ್ತೇನೆ, ಸ್ಟೆಪ್ನಿ ಇರುತ್ತದೆ, ಗಂಟೆ ಹೊಡೆಯುವುದರೊಳಗೆ ತಲುಪುವಷ್ಟು ವೇಗದಲ್ಲಿ ಓಡಿಸುತ್ತೇನೆ. ಹಾಗಾದರೆ ಇವರು ಯಾರ ಎವರೇಜು ತೆಗೆಯುತ್ತಿದ್ದಾರೆ? ಲೋಕದಲ್ಲಿ ಇಲ್ಲದ ಒಬ್ಬನ, ತೂಕವಿಲ್ಲದ, ಸೆಕೆಯಾಗದ, ಎಲ್ಲಿಗೂ ತಲುಪಬೇಕಾಗಿಲ್ಲದವನ ಎವರೇಜು. ನನ್ನ ಮೊಣಕಾಲು ಯಾವ ಲೆಕ್ಕದಲ್ಲೂ ಬರಲಿಲ್ಲ. ತಪ್ಪಿದ ಬಸ್ಸುಗಳು ಬರಲಿಲ್ಲ. ಬೆವರು ಕಣ್ಣೊಳಗೆ ಇಳಿಯುತ್ತಿತ್ತು. ಸೆರಗಿನಿಂದ ಒರೆಸಿಕೊಂಡೆ, ಮತ್ತೆ ಅದನ್ನೇ ತಲೆಯ ಮೇಲೆ ಹಾಕಿಕೊಂಡೆ.

ಸುರಪುರದಲ್ಲಿ ಅವರು ಇಳಿದು ಚಹಾ ಕುಡಿದರು. ನನ್ನ ಚಹಾ ಕಿಟಕಿಗೆ ಬಂತು. ಮತ್ತೆ ಶಹಾಪುರದ ಕಡೆ ತಿರುಗಿದೆವು. ಊರು ದಾಟಿ ರಸ್ತೆ ಕೆಳಮುಖವಾದ ಕೂಡಲೇ ಭಾವನ ಭುಜಗಳು ಸಡಿಲವಾದದ್ದು ನನಗೆ ಹಿಂದಿನಿಂದ ಕಂಡಿತು. ಎಡಗೈ ಗೇರಿನ ಹಿಡಿಯನ್ನು ನ್ಯೂಟ್ರಲ್ಲಿಗೆ ತಂದಿತು. ಬಲಗೈ ಕೀಲಿಯನ್ನು ಹಿಂದಕ್ಕೆ ತಿರುಗಿಸಿತು. ಇಂಜಿನ್ ನಿಂತುಹೋಯಿತು.

“ಬಂದ್ ಮಾಡಬ್ಯಾಡ್ರಿ ಅಂತ ಹೇಳ್ರಿ,” ಎಂದೆ ಗಂಡನಿಗೆ. ಆಗಲೂ ಗಂಡನಿಗೇ.

“ಸುಮ್ಮ ಕುಂದ್ರ,” ಎಂದರು ಅವರು. “ಅಣ್ಣಗ ಗೊತ್ತೈತಿ.”

ಭಾವ ಖುಷಿಯಲ್ಲಿದ್ದರು. “ಕೇಳ್ರಿ, ಹೆಂಗ ಹೊಂಟೈತಿ, ಹೂವಿನಂಗ. ಒಂದ ಹನಿ ಖರ್ಚಿಲ್ಲ.”

ತಿರುವಿನಲ್ಲಿ ಒಮ್ಮೆ ಬ್ರೇಕ್ ಒತ್ತಿದರು, ಹತ್ತಿತು. ಇನ್ನೊಮ್ಮೆ ಒತ್ತಿದರು, ಅಷ್ಟಕ್ಕಷ್ಟೆ. ತಿರುವು ದಾಟಿದರೆ ರಸ್ತೆಯ ತುಂಬ ಕುರಿ. ಮೂರನೆಯ ಸಲ ಪೆಡಲು ಕಲ್ಲಾಗಿತ್ತು. ಈಗಿನ ಕಾರುಗಳಲ್ಲಿ ಇಂಜಿನ್ ನಡೆಯುತ್ತಿದ್ದರೇನೇ ಬ್ರೇಕಿಗೂ ಸ್ಟಿಯರಿಂಗಿಗೂ ಬಲ. ಅದು ನಿಂತರೆ ಉಳಿದ ಬಲ ಒಂದೆರಡು ಒತ್ತಿಗೆ ತೀರಿಹೋಗುತ್ತದೆ. ಕಲಬುರಗಿಯಲ್ಲಿ ನನಗೆ ಕಲಿಸಿದ್ದರಲ್ಲಿ ಇದೂ ಒಂದು. ಭಾವ ಅಷ್ಟು ವರ್ಷದ ರೂಢಿಯಂತೆ ಹಿಡಿಯನ್ನು ಮತ್ತೆ ಗೇರಿಗೆ ನೂಕಿದರು, ಇಂಜಿನ್ ಕೆಮ್ಮಿ ಎದ್ದೇಳಲಿ ಎಂದು. ಆಟೋಮೆಟಿಕ್ ಹಾಗೆ ಎದ್ದೇಳುವುದಿಲ್ಲ. ಅವರ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತ ಖಾಲಿ ನೆಲವನ್ನು ದಬದಬ ತುಳಿಯುತ್ತಿತ್ತು. “ಬ್ರೇಕ್ ಹತ್ತವಲ್ದು! ಬ್ರೇಕ್ ಹತ್ತವಲ್ದೋ!” ಎಂದು ಕೂಗಿದರು.

ಕೈಬ್ರೇಕ್ ಯಾರು ಎಳೆದರು ಎಂಬುದಕ್ಕೆ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ತಾನೇ ಎಂದು ನನ್ನ ಗಂಡ ಹೇಳುತ್ತಾರೆ. ನಾನೇ ಎಂದು ಬರೆಯಲು ನನಗೆ ಬಹಳ ಆಸೆ, ಈ ಬರಹಕ್ಕೂ ಅದು ಚೆನ್ನಾಗಿ ಒಪ್ಪುತ್ತಿತ್ತು. ಎರಡು ಸೀಟುಗಳ ನಡುವೆ ನಾನು ಕೈ ಹಾಕಿದ್ದು ನಿಜ. ಆ ಹಿಡಿಯ ಮೇಲೆ ಎರಡು ಕೈಗಳಿದ್ದವು, ಯಾವುದು ಕೆಳಗಿತ್ತೋ ಗೊತ್ತಿಲ್ಲ. ಕಾರು ಒಮ್ಮೆ ಸೊಟ್ಟಗಾಯಿತು, ರಸ್ತೆ ಬಿಟ್ಟು, ದುರಸ್ತಿಗೆಂದು ಸುರಿದಿದ್ದ ಮೊರಮಿನ ಗುಡ್ಡೆಗೆ ಮೂತಿ ಹಚ್ಚಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕುರಿಗಳಿಗೂ.

ಕುರಿಗಾರ ಕೋಲು ಹಿಡಿದು ಬಂದ. “ಏ ಮಾವ, ಹಾರ್ನ್ ಇಲ್ಲ, ಸಪ್ಪಳಿಲ್ಲ, ಹೆಣ ಬಂದಂಗ ಬಂದಿಯಲ್ಲೋ! ಗಾಡ್ಯಾಗ ಎಣ್ಣಿ ಇಲ್ಲೇನು?”

ಟ್ಯಾಂಕು ತುಳುಕುತ್ತಿತ್ತು.

ಭಾವ ಹಣೆಯ ಬೆವರು ಒರೆಸಿಕೊಂಡು, ಕುರಿಗಾರನಿಗಲ್ಲ, ನನಗೂ ಅಲ್ಲ, ತಮ್ಮನಿಗೆ ಹೇಳಿದರು: “ಈ ಗಾಡಿ ದಗಾಬಾಜ ಐತಿ. ಹೊಳ್ಳಿ ಯಾದಗಿರಿಗಿ ಒಪ್ಪಿಸಿ ಬಂದಬಿಡು. ನನ್ನಂಥಾ ಡ್ರೈವರನ ಕೈಯಾಗ ನಿಲ್ಲಲಿಲ್ಲ, ಇಕಿ ಕೈಯಾಗ ನಿಲ್ತೈತೇನು? ಆಫೀಸಿನ ಕೆಲಸ ಕೊಡತೀನಿ ಅನ್ನಾಕತ್ತಾರಂತಲ್ಲ, ಆರಾಮ ಕುಂದರಲಿ.”

ನನ್ನ ಗಂಡ ತಲೆಯಾಡಿಸಿದರು.

ಆ ತಲೆಯಾಡಿಸುವಿಕೆಯನ್ನು ನಾನು ಈಗಲೂ ಕ್ಷಮಿಸಿಲ್ಲ. ಅವರು ಹೆದರಿದ್ದರು, ನಿಜ. ಆದರೆ ನಡೆಯುತ್ತಿದ್ದ ಇಂಜಿನನ್ನು ಇಳಿಜಾರಿನಲ್ಲಿ ಬಂದ್ ಮಾಡಿದ್ದು ಒಬ್ಬರು, ಅದಕ್ಕಾಗಿ ಓಡಿಸಬಾರದ್ದು ಇನ್ನೊಬ್ಬಳು! ಅವರ ಎರಡು ಕಾಲುಗಳು ಮಾಡಿದ ತಪ್ಪಿಗೆ ನನ್ನ ಒಂದು ಕಾಲಿಗೆ ಶಿಕ್ಷೆ. ಒಂದು ಬಟ್ಟಲಿನಷ್ಟು ಪೆಟ್ರೋಲ್ ಉಳಿಸಲು ಹೋಗಿ ಮೂವರನ್ನು ಸುರಪುರದ ಇಳಿಜಾರಿನಲ್ಲಿ ಮುಗಿಸಲಿದ್ದವರು ನನ್ನ ತರಗತಿಯನ್ನು ಅಲ್ಲಿಯೇ, ಆ ಮೊರಮಿನ ಗುಡ್ಡೆಯ ಪಕ್ಕದಲ್ಲಿ, ಮುಗಿಸಿಬಿಡುತ್ತಿದ್ದರು.

ಬಾಗಿಲು ತೆರೆದು ಇಳಿದೆ. ಮೊಣಕಾಲಿಗೆ ಕೈ ಒತ್ತಿಕೊಂಡು ಕಾರನ್ನು ಸುತ್ತಿ ಬಂದು ಮುಂದಿನ ಬಾಗಿಲು ತೆರೆದೆ.

“ಭಾವ, ಇಳೀರಿ.”

ಮದುವೆಯಾಗಿ ಬಂದ ಮೇಲೆ ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು ಎಂದು ಮನೆಯಲ್ಲಿ ಹೇಳುತ್ತಾರೆ. ಇರಲಾರದು. ಊಟಕ್ಕೆ ಏಳ್ರಿ ಎಂದಾದರೂ ಅಂದಿರುತ್ತೇನೆ.

“ಏ, ಅಣ್ಣ ಕುಂತಾನ,” ಎಂದರು ಗಂಡ.

“ಕುಂತಾರ, ಅದಕ್ಕ ಇಳೀರಿ ಅನ್ನಾಕತ್ತೇನಿ.”

ಕುರಿಗಾರನಿಗೆ ಸಿಟ್ಟು ಹೋಗಿ ನಗೆ ಬಂದಿತ್ತು. “ಇಳಿಯೋ ಮಾವ. ಅಕ್ಕಗರ ಗಾಡಿ ಚಾಲೂ ಮಾಡಾಕ ಬರ್ತೈತೇನ ನೋಡೂಣು.”

ಭಾವ ಇಳಿದರು. ಸೆರಗು ಯಾವಾಗಲೋ ಹೆಗಲಿಗೆ ಬಿದ್ದಿತ್ತು. ನಾನು ಕೂತು, ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡೆ. ಗೇರಿನ ಹಿಡಿಯನ್ನು ಪಾರ್ಕಿಗೆ ತಂದು, ಬ್ರೇಕ್ ಒತ್ತಿ, ಕೀಲಿ ತಿರುಗಿಸಿದೆ. ಇಂಜಿನ್ ಏನೂ ಆಗಿಲ್ಲವೆಂಬಂತೆ ಶುರುವಾಯಿತು. ಕೈಬ್ರೇಕ್ ಇಳಿಸಿ, ಹಿಂದಕ್ಕೆ ತೆಗೆದು ರಸ್ತೆಗೆ ತಂದೆ. ನನ್ನ ಪಕ್ಕ ಕೂರುವುದು ಪದ್ಧತಿಯಲ್ಲವಾದ್ದರಿಂದ ಭಾವ ಹಿಂದಿನ ಸೀಟಿಗೆ ಹೋದರು. ನಾನು ಎಸಿ ಹಾಕಿದೆ.

ಇಳಿಜಾರು ಮುಗಿದು ಗದ್ದೆ ಬಯಲಿಗೆ ಬಂದೆವು. ಆಮೇಲೆ ಹಿಂದಿನಿಂದ ದನಿ ಬಂತು: “ಎಸಿ ಬಂದ್ ಮಾಡವ್ವ. ಲೆಕ್ಕ ಕೆಡ್ತೈತಿ.”

“ಲೆಕ್ಕ ನಾ ಮಾಡತೀನ್ರಿ ಭಾವ. ಪಗಾರ ಅದಕ್ಕ ಕೊಡತಾರ.”

ಶಹಾಪುರದ ಗುಡ್ಡ ಕಂಡಿತು. ಬಂಕು ಕಂಡಿತು. “ಬಂಕ್, ಬಂಕ್,” ಎಂದರು ಗಂಡ. ಭಾವ ಮುಂದಕ್ಕೆ ಬಾಗಿ, “ಎಡಕ್ಕ ಹೊಳ್ಳಿಸವ್ವ, ಎಡಕ್ಕ,” ಎಂದರು. ನಾನು ಇಂಡಿಕೇಟರ್ ಕೂಡ ಹಾಕದೆ ನೇರ ಮನೆಗೆ ಹೋದೆ. ಪರೀಕ್ಷೆ ಅರ್ಧಕ್ಕೇ ನಿಂತಿತು. ಸ್ಟೆಪ್ನಿ ತರಲು ಭಾವ ಆಟೋದಲ್ಲಿ ಹೋಗಬೇಕಾಯಿತು.

ಆ ಕಾರನ್ನೇ ಕೊಂಡೆವು, ನನ್ನ ಹೆಸರಿಗೆ. ಗಂಡ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮೂರನೆಯ ದಿನ ತಾವೇ ಯಾದಗಿರಿಗೆ ಹೋಗಿ ಕಾಗದಪತ್ರ ಮುಗಿಸಿ ಬಂದರು. ಎರಡೋ ಮೂರೋ, ಇರಲಿ. ಇದನ್ನು ಅವರ ಮನಸ್ಸು ಬದಲಾಯಿತು ಎಂದು ಓದಬೇಡಿ. “ಇಕಿ ಹಟಾ ಮಾಡಿದ್ಲು,” ಎಂದು ಮಾರ್ಕೆಟ್ಟಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ಹಟವಂತೆ! ಬೆಳಿಗ್ಗೆ ಕೆಲಸಕ್ಕೆ ಹೋಗುವುದಕ್ಕೆ ನಮ್ಮಲ್ಲಿ ಗಂಡಸರಾದರೆ ದುಡಿಮೆ ಎನ್ನುತ್ತಾರೆ.

ಶಾಲೆ ತೆರೆದ ದಿನ ಗಂಟೆ ಹೊಡೆಯುವ ಮುನ್ನವೇ ತಲುಪಿ, ಆಫೀಸಿನ ನಿಯೋಜನೆ ಬೇಡವೆಂದು ಹೆಡ್‌ಮಾಸ್ತರರಿಗೆ ಬಾಯಿಮಾತಿನಲ್ಲೇ ಹೇಳಿದೆ. ಅವರು ಸಂತೋಷಪಟ್ಟರು, ಅಥವಾ ಹಾಗೆ ಕಂಡರು. ಪೆಟ್ರೋಲ್ ಎಷ್ಟು ಕುಡಿಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಯಾರು ಕೇಳಿದರೂ ಹೇಳುವುದಿಲ್ಲ. ಭಾವ ಈಗ ಮದುವೆ ಮನೆಗಳಲ್ಲಿ ಆ ಇಳಿಜಾರಿನ ಕಥೆ ಹೇಳುತ್ತಾರೆ. ಅದರಲ್ಲಿ ಬ್ರೇಕು ಕಂಪನಿಯ ದೋಷದಿಂದ ಕೈಕೊಡುತ್ತದೆ, ಅವರು ಜಾಣತನದಿಂದ ಮೊರಮಿನ ಕಡೆ ತಿರುಗಿಸಿ ತಮ್ಮನನ್ನೂ ತಮ್ಮನ ಹೆಂಡತಿಯನ್ನೂ ಉಳಿಸುತ್ತಾರೆ. ಕೇಳಿದವರು ನನ್ನ ಕಡೆ ನೋಡಿ, “ಪುಣ್ಯವಂತಿ ಬಿಡ್ರಿ ನೀವು,” ಎನ್ನುತ್ತಾರೆ. ಕಳೆದ ಸಲ, ಊಟದ ಎಲೆಯ ಮುಂದೆಯೇ, “ಇಂಜಿನ್ ಯಾರ ಬಂದ್ ಮಾಡಿದ್ರು ಕೇಳ್ರಿ,” ಎಂದೆ. ಯಾರೂ ಕೇಳಲಿಲ್ಲ, ಹೋಳಿಗೆ ಬಂತು.

ಭಾನುವಾರ ಮನೆಮಂದಿ ಎಲ್ಲಿಗಾದರೂ ಹೊರಟರೆ ಕಾರನ್ನು ಗಂಡ ಓಡಿಸುತ್ತಾರೆ, ಕೆಲವೊಮ್ಮೆ ಭಾವ. ಇಂಜಿನ್ ಬಂದ್ ಮಾಡುವುದಿಲ್ಲ, ಅಷ್ಟು ಕಲಿತಿದ್ದಾರೆ. ಆದರೆ ಸೀಟನ್ನು ತಮ್ಮ ಉದ್ದ ಕಾಲುಗಳಿಗೆ ಬೇಕಾದಷ್ಟು ಹಿಂದಕ್ಕೆ ತಳ್ಳಿ ಹಾಗೇ ಬಿಟ್ಟು ಇಳಿಯುತ್ತಾರೆ. ಮುಂದಕ್ಕೆ ಸರಿಸಿಡಿ ಎಂದು ಎಷ್ಟು ಸಲ ಹೇಳಿದ್ದೇನೆ. ಸೋಮವಾರ ಬೆಳಿಗ್ಗೆ, ಗಂಟೆ ಹೊಡೆಯಲು ಹೊತ್ತಾಗುತ್ತಿರುವಾಗ, ಬಾಯಿಗೆ ಬಂದಂತೆ ಬೈಯುತ್ತ ಸೀಟಿನ ಕೆಳಗಿನ ಸರಳನ್ನು ಎತ್ತಿ ಅದನ್ನು ಮುಂದಕ್ಕೆ ಎಳೆದುಕೊಳ್ಳುತ್ತೇನೆ.